ಕಾಳುಬೀಜವನ್ನು ದಿಮ್ಮಿಯ ರಂಧ್ರಕ್ಕೆ ತುಂಬಬೇಡಿ

ದಿಮ್ಮಿಯಲ್ಲಿ ಅಣಬೆ ಬೆಳೆಯಲು ಹೋಗಿ ಕೆಟ್ಟಿತೆಂದು ಚಿತ್ರ ಹಾಕಿದ್ದೀರಿ. ಮಾವಿನ ಕೊಂಬೆ ಕಡಿದ ಮರುದಿನವೇ ರಂಧ್ರ ಕೊರೆದು, ಕಾಳುಬೀಜ, ಅಂದರೆ ಜೋಳದ ಕಾಳಿಗೆ ಹಬ್ಬಿಸಿದ ಅಣಬೆ ಬೀಜ, ತುಂಬಿ, ಸಗಣಿ ಮೆತ್ತಿ ನೆಲದ ಮೇಲೆ ಮಲಗಿಸಿದ್ದೀರಿ. ಈಗ ಇರುವೆಯ ಸಾಲು, ಹಸಿರು ಬೂಷ್ಟು. ಚಿತ್ರ ನೋಡಿ ಸಂಕಟವಾಯಿತು. ಆರಂಭದಲ್ಲಿ ನಾನು ಮಾಡಿದ್ದೂ ಇದನ್ನೇ. ಬೀಜ ಕೊಟ್ಟವರನ್ನು ಬೈಯಬೇಡಿ, ಬೀಜದ ತಪ್ಪಿಲ್ಲ.

ವಿದೇಶದ ವಿಡಿಯೊಗಳಲ್ಲಿ ರಂಧ್ರಕ್ಕೆ ಹೊಡೆಯುವುದು ಮರದ ಬೆಣೆಗೆ ಹಬ್ಬಿಸಿದ ಬೀಜ, ಇಲ್ಲವೇ ಮರದ ಹೊಟ್ಟಿನ ಬೀಜ. ನಮಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಾದ ಐಐಎಚ್‌ಆರ್‌ನಲ್ಲಿ ಸಿಗುವುದು ಕಾಳುಬೀಜ. ಅದನ್ನು ಚಿಕ್ಕ ರಂಧ್ರದಲ್ಲಿ ಇಟ್ಟರೆ ಇರುವೆಗೂ ಇಲಿಗೂ ಊಟ ಬಡಿಸಿದಂತೆ.

ಕಾಳುಬೀಜಕ್ಕೆ ಹೊಂದುವುದು ಗೋಪುರ ಪದ್ಧತಿ. ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವಾಗ, ಹಾಲುವಾಣದ ದಪ್ಪ ಕೊಂಬೆ ಎತ್ತಿಡಿ. ಮೃದು ಮರ, ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಬೇಗ ಹಬ್ಬುತ್ತದೆ. ಬೇಗ ಲಡ್ಡಾಗಿ ಕೊಳೆಯುವುದೂ ನಿಜ. ಮಾವು ನಿಧಾನ, ಆದರೆ ಹೆಚ್ಚು ಬಾಳುತ್ತದೆ. ತೊಗಟೆ ಎಲ್ಲಿಯೂ ಏಳಬಾರದು. ಕಡಿದ ಮೇಲೆ ಎರಡು ಮೂರು ವಾರ ನೆರಳಿನಲ್ಲಿ ಬಿಡಿ, ಹಸಿ ಮರದ ಪ್ರತಿರೋಧ ಇಳಿಯಲಿ. ತಿಂಗಳುಗಟ್ಟಲೆ ಬಿಟ್ಟರೆ ಒಣಗುತ್ತದೆ, ಕಾಡಿನ ಬೂಷ್ಟುಗಳೂ ಒಳಹೊಕ್ಕಿರುತ್ತವೆ. ಒಂದು ಅಡಿ ಉದ್ದದ ಎರಡು ತುಂಡು, ಮೇಲಕ್ಕೊಂದು ತೆಳು ಬಿಲ್ಲೆ ಕೊಯ್ಯಿರಿ. ಕಪ್ಪು ಪ್ಲಾಸ್ಟಿಕ್ ಚೀಲದ ತಳದಲ್ಲಿ ಹಿಡಿ ಬೀಜ, ಅದರ ಮೇಲೆ ತುಂಡು, ಮತ್ತೆ ಬೆರಳು ದಪ್ಪ ಬೀಜ, ಮತ್ತೆ ತುಂಡು, ಬೀಜ, ಕೊನೆಗೆ ಬಿಲ್ಲೆ. ಬೀಜಕ್ಕೆ ಜಿಪುಣತನ ಬೇಡ. ಕೊಯ್ದ ಮುಖಗಳು ಸಮತಟ್ಟಾಗಿ ಕೂರದಿದ್ದರೆ ಇಡೀ ಶ್ರಮ ದಂಡ. ಚೀಲದ ಬಾಯಿಯನ್ನು ಸಡಿಲವಾಗಿ ಕಟ್ಟಿ, ಇಟ್ಟಿಗೆಯ ಮೇಲೆ ನೆರಳಿನಲ್ಲಿ ನಿಲ್ಲಿಸಿ. ನೆಲಕ್ಕೆ ತಾಗಿಸಿದರೆ ಗೆದ್ದಲು ಬಿಡುವುದಿಲ್ಲ. ಸಂದುಗಳಲ್ಲಿ ಅಣಬೆಯ ಬಿಳಿನೂಲು ಗಟ್ಟಿಯಾಗಿ ಹೆಣೆದುಕೊಂಡ ಮೇಲೆ ಚೀಲ ತೆಗೆಯಿರಿ. ಇದಕ್ಕೆ ತಿಂಗಳುಗಳು ಬೇಕು. ವಾರಕ್ಕೊಮ್ಮೆ ಬಿಚ್ಚಿ ನೋಡುವವರಿಗೆ ಈ ಕೆಲಸ ಆಗದು.

ಬೆಣೆಯ ಬೀಜವೇ ಸಿಕ್ಕಿದರೆ ರಂಧ್ರ ಸರಿ, ಆದರೆ ಮುಚ್ಚುವುದು ಜೇನುಮೇಣದಿಂದ. ಮೇಣದಬತ್ತಿಯದು ಬಿರಿದು ಉದುರುತ್ತದೆ. ಪೈಪಿನ ಸೋರಿಕೆಗೆ ಮೆತ್ತುವ ಎಂ-ಸೀಲ್ ಹಾಕಿ ಎಂದು ಒಬ್ಬರು ನಿಮಗೆ ಸಲಹೆ ಕೊಟ್ಟಿದ್ದಾರೆ. ತಿನ್ನುವ ಬೆಳೆಗೆ ಅದೆಲ್ಲ ಏಕೆ? ಸಗಣಿಯಂತೂ ಬೇಡವೇ ಬೇಡ. ನಿಮ್ಮ ಹಸಿರು ಬೂಷ್ಟು ಬಹುತೇಕ ಟ್ರೈಕೋಡರ್ಮಾ ಎಂಬ ಶಿಲೀಂಧ್ರ, ಮೆಣಸಿನ ಬುಡಕ್ಕೆ ನಾವೇ ಗೊಬ್ಬರದಲ್ಲಿ ಬೆರೆಸಿ ಹಾಕುವಂಥದ್ದು. ಅಲ್ಲಿ ರೋಗ ತಿನ್ನುವ ಅದು ಇಲ್ಲಿ ಅಣಬೆಯನ್ನು ತಿನ್ನುತ್ತದೆ. ಆ ಗೊಬ್ಬರ ಮುಟ್ಟಿದ ದಿನ ಅಣಬೆ ಬೀಜದ ಹತ್ತಿರ ಸುಳಿಯಬೇಡಿ.

ತೋಟದಲ್ಲಿ ಸಿಲ್ವರ್ ಓಕ್ ಇದೆ ಎಂದು, ಓಕ್ ದಿಮ್ಮಿಯಲ್ಲಿ ಬೆಳೆಯುವ ಶಿಟಾಕೆ ಅಣಬೆಯ ಬೀಜ ತರಿಸುವವರಿಗೂ ಒಂದು ಮಾತು: ಅದು ಓಕ್ ಜಾತಿಯೇ ಅಲ್ಲ. ಶಿಟಾಕೆಗೆ ತಂಪೂ ಬೇಕು. ಬಟನ್ ಅಣಬೆ ದಿಮ್ಮಿಯಲ್ಲಿ ಬರುವುದಿಲ್ಲ, ಅದಕ್ಕೆ ಕಾಂಪೋಸ್ಟ್ ಬೇಕು. ಬರುತ್ತದೆಂದು ಮಾರುವ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ಚಿಪ್ಪಣಬೆಯ ಅಂಚು ಮೇಲಕ್ಕೆ ಮಗುಚುವ ಮೊದಲೇ ಕೊಯ್ಯಿರಿ. ಬೀಜಕಣ ಉದುರತೊಡಗಿದರೆ ಮನೆಮಂದಿಗೆ ಕೆಮ್ಮು ಬರಬಹುದು. ದಿಮ್ಮಿಯಲ್ಲಿ ಬಂದದ್ದೆಲ್ಲ ನೀವು ಬಿತ್ತಿದ್ದಲ್ಲ, ಗುರುತು ಖಚಿತವಾಗದೆ ಒಲೆಗೇರಿಸಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಹಸಿರು ಹಿಡಿದ ಆ ದಿಮ್ಮಿಯನ್ನು ಇಂದೇ ತೋಟದ ಆಚೆ ತುದಿಗೆ ಸಾಗಿಸಿ, ಹೊಸದನ್ನು ಬೇರೆ ಜಾಗದಲ್ಲಿ ಕಟ್ಟಿ.