ಯಾರ ಮಂಡಿ ನೋವು?

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬ ಗಂಡ ಹೆಂಡತಿಯ ಕತೆ ಇದು. ಹೆಸರು, ಕೆಲಸ, ಮಕ್ಕಳ ವಿವರಗಳನ್ನು ಗುರುತು ಸಿಗದಂತೆ ಬದಲಾಯಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಆದರೆ ಲಲಿತಮ್ಮ ಒಂದು ಷರತ್ತು ಹಾಕಿದರು: "ನನ್ನ ಮಂಡಿ ಸರಿಯಾಗಿದೆ ಅಂತ ಮೊದಲೇ ಬರೆದುಬಿಡಿ ಮೇಡಂ." ಬರೆದಿದ್ದೇನೆ. ಅವರ ಮಂಡಿ ಸರಿಯಾಗಿದೆ.

ಅವರಿಗೆ 64 ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಪತಿ ನಾಗರಾಜಯ್ಯನವರಿಗೆ 69, ಕೆಇಬಿಯಲ್ಲಿ ಇಂಜಿನಿಯರ್ ಆಗಿದ್ದರು. ಮೈಸೂರಿನಲ್ಲಿ ಸ್ವಂತ ಮನೆ. ವಾರಕ್ಕೆರಡು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಉಳಿದ ದಿನ ಯೋಗ. ನೆಂಟರಿಷ್ಟರಲ್ಲಿ 'ಗಟ್ಟಿಮುಟ್ಟು ಜೋಡಿ' ಎಂದೇ ಹೆಸರು. ಇಂಥವರು ನನ್ನ ಕೊಠಡಿಯ ಸೋಫಾದ ಎರಡು ತುದಿಯಲ್ಲಿ, ನಡುವೆ ಒಂದು ಬಟ್ಟೆ ಬ್ಯಾಗ್ ಇಟ್ಟುಕೊಂಡು ಕೂತಿದ್ದರು. ಹನ್ನೊಂದು ದಿನದಿಂದ ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಕರೆಯುವುದೂ ವಾಟ್ಸ್ಆ್ಯಪ್‌ನಲ್ಲಿ.

ಜಗಳದ ಮೂಲ ಅಂಡಮಾನ್. ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆಂದು ಹೊರದೇಶದಲ್ಲಿರುವ ಮಗಳು ಆರು ದಿನದ ಪ್ಯಾಕೇಜ್ ಬುಕ್ ಮಾಡಿದ್ದಳು. ಲಲಿತಮ್ಮ ಮೂವತ್ತು ವರ್ಷ 'ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ' ಎಂದು ಮಕ್ಕಳಿಂದ ಬಾಯಿಪಾಠ ಹೇಳಿಸಿದವರು; ಒಂದು ದ್ವೀಪದ ಮೇಲೂ ಕಾಲಿಟ್ಟವರಲ್ಲ. ಸುದ್ದಿ ಕೇಳಿದ ವಾರವೇ ಈಜುಕೊಳದ ಹೆಂಗಸರ ಬ್ಯಾಚಿಗೆ ಸೇರಿಕೊಂಡರು. ಮೂರು ತಿಂಗಳಲ್ಲಿ ಒಂದು ಉದ್ದ ಈಜುವ ಮಟ್ಟಕ್ಕೆ ಬಂದಿದ್ದರು. ಆಗ ಟ್ರಾವೆಲ್ಸ್‌ನ ಹುಡುಗ ಫೋನ್ ಮಾಡಿದ. "ಅಮ್ಮಾ, ಏರ್‌ಪೋರ್ಟಲ್ಲಿ ನಿಮಗೆ ವೀಲ್‌ಚೇರ್ ಹೇಳಿದೀವಿ. ನೀರಿನ ಐಟಂ ಎಲ್ಲಾ ತೆಗೆದಿದೀವಿ. ನಿಮಗೆ ಮಂಡಿ ನೋವು ಅಂತ ಸಾರ್ ಹೇಳಿದ್ರು."

"ಅಲ್ಲಾ ಮೇಡಂ, ನನ್ನ ಮಂಡಿಗೆ ಏನಾಗಿದೆ ಅಂತ? ಬೆಟ್ಟ ಹತ್ತುವಾಗ ನಂದಿ ಹತ್ರ ಕೂರೋದು ಇವರು, ಮೇಲಿನವರೆಗೂ ಹೋಗಿ ಬರೋದು ನಾನು." ನಾಗರಾಜಯ್ಯನವರು ಕಿಟಕಿಯ ಕಡೆ ನೋಡುತ್ತಾ, "ಈ ವಯಸ್ಸಿಗೆ ಸಮುದ್ರಕ್ಕೆ ಧುಮುಕೋದು ಏನು ಚೆಂದ" ಎಂದಷ್ಟೇ ಹೇಳಿದರು.

ಮೊದಲ ಭೇಟಿಯಲ್ಲಿ ಎಡವಿದ್ದು ನಾನು. ಹೆಂಡತಿಯ ಓಡಾಟಕ್ಕೆ ಕಡಿವಾಣ ಹಾಕುವ ಗಂಡ ಎಂಬ ಚೌಕಟ್ಟು ನನ್ನ ತಲೆಯಲ್ಲಿ ಸಿದ್ಧವಾಗಿಯೇ ಇತ್ತು. ಅಂಥವರು ವಾರಕ್ಕಿಬ್ಬರಾದರೂ ಬರುತ್ತಾರೆ. ಹಾಗಾಗಿ ನಿರ್ಧಾರ ಹೇಗೆ ಹಂಚಿಕೊಳ್ಳಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಇಬ್ಬರೂ ಮರ್ಯಾದೆಗೆ ತಲೆಯಾಡಿಸಿದರು. ಲಲಿತಮ್ಮ ಹೇಳಿದ್ದ ನಂದಿಯ ಮಾತು ನನಗೆ ಮತ್ತೆ ನೆನಪಾದದ್ದು ರಾತ್ರಿ ಟಿಪ್ಪಣಿ ಬರೆಯುವಾಗ. ಬೆಟ್ಟದ ಸಾವಿರ ಮೆಟ್ಟಿಲಲ್ಲಿ ನಂದಿ ಸಿಗುವುದು ಸುಮಾರು ಏಳುನೂರನೆಯ ಮೆಟ್ಟಿಲಿಗೆ. ಅಲ್ಲಿಗೇ ನಿಲ್ಲುವುದು ಯಾಕೆ?

ಎರಡನೇ ಸಲ ಒಬ್ಬೊಬ್ಬರನ್ನೇ ಕರೆದೆ. ನಾಗರಾಜಯ್ಯನವರನ್ನು ಕೇಳಿದ್ದು ಒಂದೇ ಪ್ರಶ್ನೆ: "ನಂದಿಯಿಂದ ಮೇಲೆ ಕಡೇ ಸಲ ಹೋಗಿದ್ದು ಯಾವಾಗ?" ತುಂಬಾ ಹೊತ್ತು ಸುಮ್ಮನಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಸ್ಟೆಂಟ್ ಹಾಕಿದೆ. ಅದು ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಎಂಟು ತಿಂಗಳಿಂದ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಎದೆ ಬಿಗಿದ ಹಾಗಾಗುತ್ತಿತ್ತು. "ಬಸವಣ್ಣನ ಹತ್ರ ಸ್ವಲ್ಪ ಹೊತ್ತು ಕೂತು ಧ್ಯಾನ ಮಾಡ್ತೀನಿ, ನೀನು ಹೋಗಿ ಬಾ" ಎಂದು ಹೆಂಡತಿಯನ್ನು ಸಾಗಹಾಕುತ್ತಿದ್ದರಂತೆ. ಆಕೆ ಈಜು ಕಲಿಯತೊಡಗಿದ ಮೇಲೆ ದಿಗಿಲು ಹೆಚ್ಚಾಯಿತು. "ಅವಳು ನೀರಲ್ಲಿ ಮುಂದೆ ಹೋಗ್ತಾಳೆ, ನಾನು ದಡದಲ್ಲಿ ಚಪ್ಪಲಿ ಕಾಯ್ತೀನಿ. ಎಲ್ಲರೂ ನೋಡ್ತಾರೆ. ಅದಕ್ಕೇ ಅವಳ ಮಂಡಿ ಅಂದ್ಬಿಟ್ಟೆ. ಹೆಂಗಸರಿಗೆ ಮಂಡಿ ನೋವು ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ ನೋಡಿ."

ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು, ನಗುವೂ ಬಂತು. ಆದರೆ ಅಲ್ಲಿ ಆಪ್ತಸಲಹೆ ಎರಡನೆಯದು. ಸ್ಟೆಂಟ್ ಹಾಕಿಸಿಕೊಂಡವರು ಮೆಟ್ಟಿಲಲ್ಲಿ ಎದೆ ಬಿಗಿಯುತ್ತದೆ ಎಂದರೆ ಆ ವಾರವೇ ಹೃದ್ರೋಗ ತಜ್ಞರನ್ನು ಕಾಣಬೇಕು, ಅದು ನನ್ನ ಕುರ್ಚಿಯಲ್ಲಿ ಕೂತು ಬಗೆಹರಿಸುವ ವಿಷಯವಲ್ಲ ಎಂದೆ. ಇನ್ನೊಂದು ಮಾತೂ ಹೇಳಿದೆ: "ಇದನ್ನು ನಾನು ಲಲಿತಮ್ಮನವರಿಗೆ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ನೀವೇ ಹೇಳಬೇಕು. ಡಾಕ್ಟರ ಹತ್ತಿರ ಹೋಗುವ ಮೊದಲು ಹೇಳಿದರೆ ಒಳ್ಳೆಯದು."

ಮೂರನೇ ಭೇಟಿಗೆ ಇಬ್ಬರೂ ಬಂದರು. ನಾಗರಾಜಯ್ಯನವರು ಪೀಠಿಕೆಯಿಲ್ಲದೆ, "ಲಲಿತಾ, ನಂದಿ ಹತ್ರ ನಾನು ಕೂರೋದು ಧ್ಯಾನಕ್ಕಲ್ಲ ಕಣೇ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದರು. ಆಕೆ ಅಳಲಿಲ್ಲ. "ಮೇಲೆ ಹೋಗಿ ಪ್ರತಿ ಸಲ ನಿಮ್ಮ ಹೆಸರಲ್ಲಿ ಅರ್ಚನೆ ಮಾಡಿಸ್ತಿದ್ದೆನಲ್ಲ ರೀ. ಕೆಳಗೆ ನೀವು ಉಸಿರು ಕಟ್ಟಿಕೊಂಡು ಕೂತಿದ್ರಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಮಂಡಿ ಅಂದಿದ್ದಕ್ಕೆ ಇನ್ನೂ ಕ್ಷಮಿಸಿಲ್ಲ" ಎಂದೂ ಸೇರಿಸಿದರು. ಆ ಎರಡೂ ಮಾತು ಒಟ್ಟಿಗೇ ಬಂದದ್ದು ನನಗೆ ಸಮಾಧಾನ ಕೊಟ್ಟಿತು. ಕಾಯಿಲೆಯ ಸುದ್ದಿ ಕೇಳಿದ ತಕ್ಷಣ ಕೋಪ ನುಂಗಿಬಿಡುವ ಹೆಂಡತಿಯರನ್ನು ಕಂಡರೆ ನನಗೆ ಭಯ. ನುಂಗಿದ್ದು ಎಂದೋ ಒಂದು ದಿನ ಬೇರೆ ದಾರಿಯಲ್ಲಿ ಹೊರಬರುತ್ತದೆ.

ತಜ್ಞರು ಎಕೋ, ಟ್ರೆಡ್‌ಮಿಲ್ ಮತ್ತಿತರ ಪರೀಕ್ಷೆ ಮಾಡಿ ಔಷಧ ಬದಲಾಯಿಸಿದರು, ಆರು ವಾರ ಬಿಟ್ಟು ಮತ್ತೆ ನೋಡಿದರು. ಪ್ರವಾಸ ಹೋಗಬಹುದು, ನಡೆಯಬಹುದು, ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಬೇಡ, ಲೈಫ್ ಜಾಕೆಟ್ ಹಾಕಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿಯಬಹುದು ಎಂದರು. ಅದಾದ ಮೇಲೆಯೇ ನಾವು ಮೂವರೂ ಪ್ಯಾಕೇಜಿನ ಕಾಗದವನ್ನು ಮೇಜಿನ ಮೇಲೆ ಹರಡಿದ್ದು.

ಮೊದಲು ಕೊಟ್ಟ ಸಲಹೆ ಒಂದು ಫೋನ್ ಕರೆ. ಮಂಡಿ ನೋವು ಹೆಂಡತಿಗಲ್ಲ ಎಂದು ಅವರೇ, ಆಕೆಯ ಎದುರಿಗೇ ಟ್ರಾವೆಲ್ಸ್‌ಗೆ ಹೇಳಬೇಕು. ಸ್ಪೀಕರ್ ಹಾಕಿ ಮಾಡಿದರು. ಆ ಹುಡುಗ ಎಲ್ಲವನ್ನೂ ಕೇಳಿ, "ಹಾಗಾದ್ರೆ ವೀಲ್‌ಚೇರ್ ನಿಮ್ಮ ಹೆಸರಿಗೆ ಹಾಕ್ಲಾ ಸಾರ್?" ಎಂದ. ಲಲಿತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಮಾತು ಬಿಟ್ಟ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ಪ್ಯಾಕೇಜು. ಮೂವತ್ತರ ಹುಡುಗರಿಗೆ ಬರೆದಂತಿತ್ತು: ಇಳಿದ ದಿನವೇ ಸೆಲ್ಯುಲರ್ ಜೈಲು, ಮರುದಿನ ಹ್ಯಾವ್ಲಾಕ್, ಅದರ ಮರುದಿನ ನೀಲ್, ಮತ್ತೆ ಪೋರ್ಟ್ ಬ್ಲೇರ್, ಐದನೇ ದಿನ ಬಾರಾಟಾಂಗ್, ಆರನೇ ದಿನ ವಿಮಾನ. (2018ರಿಂದ ಹ್ಯಾವ್ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ಜನ ಇನ್ನೂ ಹಳೇ ಹೆಸರಲ್ಲೇ ಕರೆಯುತ್ತಾರೆ, ನಾನೂ ಕರೆಯುತ್ತೇನೆ.) ಬಾರಾಟಾಂಗ್ ಕೈಬಿಡಿ ಎಂದೆ. ಸುಣ್ಣಕಲ್ಲಿನ ಗುಹೆ ನೋಡಲು ನಡುರಾತ್ರಿ ಕಳೆದ ಮೇಲೆ ಎದ್ದು, ಬೆಂಗಾವಲಿನ ಸಾಲಿನಲ್ಲಿ ವಾಹನ ನಿಲ್ಲಿಸಿ, ಹೋಗಿ ಬರಲು ಇಡೀ ದಿನ ರಸ್ತೆಯಲ್ಲಿರಬೇಕು. ನಾನು ಹೇಳಿದ ಕಾರಣ ಅದು. ಲಲಿತಮ್ಮನವರ ಕಾರಣ ಬೇರೆ: ಆ ರಸ್ತೆ ಹೋಗುವುದು ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನೊಳಗೆ. "ಫೋಟೋ ತೆಗೀಬಾರದು ಅಂತ ಕಾನೂನು ಮಾಡಬೇಕಾಗಿ ಬಂತು ಅಂದ್ರೆ, ನಮ್ಮವರು ಅಲ್ಲಿಗೆ ಏನು ನೋಡೋಕೆ ಹೋಗ್ತಾರೆ ಅಂತ ಗೊತ್ತಾಗಲ್ವಾ? ನಾನು ಬರಲ್ಲ." ಅವರ ಕಾರಣವೇ ಗಟ್ಟಿಯಾಗಿತ್ತು.

ಉಳಿದ ದಿನಗಳಲ್ಲಿ ಹ್ಯಾವ್ಲಾಕ್‌ಗೆ ಮೂರು ರಾತ್ರಿ ಕೊಡಿಸಿದೆ. ದಿನಕ್ಕೊಂದು ದ್ವೀಪ ಎಂದರೆ ದಿನಕ್ಕೊಂದು ಸಲ ಪೆಟ್ಟಿಗೆ ಕಟ್ಟಬೇಕು, ಜೆಟ್ಟಿಯಲ್ಲಿ ಕಾಯಬೇಕು. ವಯಸ್ಸಾದವರನ್ನು ದಣಿಸುವುದು ನಡಿಗೆಗಿಂತ ಅದೇ ಹೆಚ್ಚು. ನೀಲ್‌ನ ಕಲ್ಲಿನ ಸೇತುವೆ ನೋಡಬೇಕೆಂದರೆ ಇಳಿತದ ಹೊತ್ತಿಗೇ ಹೋಗಬೇಕು, ಚೂಪಾದ, ಜಾರುವ ಬಂಡೆಗಳ ಮೇಲೆ ನಡೆಯಬೇಕು. ಮನಸ್ಸಾದರೆ ಹೋಗಿ, ಇಲ್ಲದಿದ್ದರೆ ಎಳನೀರು ಕುಡಿದು ಬನ್ನಿ ಎಂದೆ. ಕೊನೆಯ ರಾತ್ರಿ ಮಾತ್ರ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು ಎಂದು ಪಟ್ಟು ಹಿಡಿದೆ. ಹವಾಮಾನ ಕೆಟ್ಟರೆ ದೋಣಿ ಬಿಡುವುದಿಲ್ಲ, ವಿಮಾನ ತಪ್ಪುತ್ತದೆ. ಲಲಿತಮ್ಮನವರಿಗೆ ಸ್ಕೂಬಾ ಮಾಡುವ ಆಸೆಯಿತ್ತು. ಅವರ ಬಿಪಿಯನ್ನು ಡಾಕ್ಟರು ನೋಡಿ ಸಹಿ ಹಾಕಬೇಕು, ಮಾಡಿದರೂ ವಿಮಾನಕ್ಕೆ ಕನಿಷ್ಠ 18 ಗಂಟೆ, ಸಾಧ್ಯವಾದರೆ ಒಂದು ಪೂರ್ತಿ ದಿನ ಅಂತರವಿರಬೇಕು. ನೀರಿನಾಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗದಿರಲು ಈ ಕಾಯುವಿಕೆ. ಇದನ್ನು ಕೇಳಿ ನಾಗರಾಜಯ್ಯನವರು ಮೊದಲ ಸಲ ಪೆನ್ನು ತೆಗೆದುಕೊಂಡು ದಿನಚರಿಯನ್ನು ತಾವೇ ತಿದ್ದತೊಡಗಿದರು. ಇಂಜಿನಿಯರ್‌ಗೆ ಕಾರಣ ಸಿಕ್ಕರೆ ಸಾಕು.

ಔಷಧವನ್ನು ಎರಡು ಪಾಲು ಮಾಡಿ ಇಬ್ಬರ ಕೈಚೀಲದಲ್ಲೂ ಇಟ್ಟುಕೊಳ್ಳಿ, ಸ್ಟೆಂಟ್ ಕಾರ್ಡ್ ಪರ್ಸ್‌ನಲ್ಲಿರಲಿ ಎಂದೆ. ದೊಡ್ಡ ಸರ್ಕಾರಿ ಆಸ್ಪತ್ರೆ, ಅಂದರೆ ಜಿ.ಬಿ. ಪಂತ್ ಆಸ್ಪತ್ರೆ, ಇರುವುದು ಪೋರ್ಟ್ ಬ್ಲೇರ್‌ನಲ್ಲಿ. ಹ್ಯಾವ್ಲಾಕ್‌ನಲ್ಲಿ ಅಂಥ ಸೌಕರ್ಯವಿಲ್ಲ, ನಡುವೆ ಒಂದೂವರೆ ಎರಡು ಗಂಟೆಯ ಸಮುದ್ರ. ಹೆದರಿಸಲು ಹೇಳಿದ್ದಲ್ಲ. ಎದೆ ಬಿಗಿದರೆ ಅಲ್ಲಿ 'ಧ್ಯಾನ' ಮಾಡುತ್ತಾ ಕೂರುವ ಹಾಗಿಲ್ಲ, ತಕ್ಷಣ ಬಾಯಿಬಿಟ್ಟು ಹೇಳಬೇಕು ಎಂದು ತಿಳಿಸಲು ಹೇಳಿದ್ದು. ದೋಣಿಯಲ್ಲಿ ವಾಂತಿ ಬಾರದಿರಲು ಇಬ್ಬರಿಗೂ ಒಂದೇ ಸ್ಟ್ರಿಪ್ ಮಾತ್ರೆ ಕೊಂಡಿಟ್ಟಿದ್ದರು. ನಾಗರಾಜಯ್ಯನವರಿಗೆ ಪ್ರಾಸ್ಟೇಟ್ ತೊಂದರೆಯೂ ಇದೆ. ಆ ಬಗೆಯ ಕೆಲವು ಮಾತ್ರೆಗಳಿಂದ ಅಂಥವರಿಗೆ ಮೂತ್ರ ಕಟ್ಟಿಕೊಳ್ಳಬಹುದು, ವಯಸ್ಸಾದವರಿಗೆ ಮಂಪರು ಹೆಚ್ಚು. ಕೇಳದೆ ನುಂಗಬೇಡಿ ಎಂದು ಮತ್ತೆ ಡಾಕ್ಟರ ಹತ್ತಿರ ಕಳಿಸಿದೆ.

ಎಲ್ಲಕ್ಕಿಂತ ಮುಖ್ಯವಾದ ಸಲಹೆ ಒಂದು ತಾಲೀಮು. ಅಂಡಮಾನಿಗೆ ಮೊದಲು ಮಲ್ಪೆಗೆ ಹೋಗಿ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ತೆಂಗಿನ ಮರ, ಕಂಬ ನಿಲ್ಲಿಸಿದಂಥ ಲಾವಾ ಬಂಡೆ, ಬಿಸಿಲು, ಉಪ್ಪುಗಾಳಿ, ಅಲೆಯ ಮೇಲಿನ ಕುಲುಕಾಟ, ಎಲ್ಲವೂ ಅಲ್ಲಿ ಸಣ್ಣ ಅಳತೆಯಲ್ಲಿ ಸಿಗುತ್ತದೆ. ಆಗದಿದ್ದರೆ ಸಂಜೆಗೆ ಉಡುಪಿಯಲ್ಲಿರಬಹುದು. ಹೋಗಿಬಂದರು. ವಾಂತಿ ಮಾಡಿಕೊಂಡವರು ಲಲಿತಮ್ಮ! ಈಜು ಬರುವವರಿಗೆ ದೋಣಿ ಆಗಿಬರಬೇಕೆಂದೇನಿಲ್ಲ. ನಾಗರಾಜಯ್ಯನವರು ಅಲುಗಾಡದೆ ಕೂತು ಹೆಂಡತಿಯ ಬೆನ್ನು ಸವರುತ್ತಾ ಕವರ್ ಹಿಡಿದಿದ್ದರಂತೆ. ಅದನ್ನು ನನಗೆ ಮೂರು ಸಲ ಹೇಳಿದರು. ನಾನು ಎಷ್ಟು ಭೇಟಿ ನಡೆಸಿದ್ದರೂ ಅವರಿಗೆ ಅಷ್ಟು ಧೈರ್ಯ ತುಂಬಲು ಆಗುತ್ತಿರಲಿಲ್ಲ.

ಹೊರಡುವ ಮೊದಲು ಒಂದು ಒಪ್ಪಂದ ಬರೆಸಿದೆ. ಜೊತೆಗೆ ಹೋಗಿದ್ದೇವೆಂದು ಎಲ್ಲವನ್ನೂ ಜೊತೆಗೇ ಮಾಡಬೇಕಿಲ್ಲ. ಎಲಿಫೆಂಟ್ ಬೀಚ್‌ನಲ್ಲಿ ಆಕೆ ಗೈಡ್ ಜೊತೆ ಸ್ನಾರ್ಕ್ಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ನೀರಿನ ಮೇಲೆ ತೇಲಿ ಕೆಳಗೆ ನೋಡುವುದು) ಮಾಡುವಾಗ ಇವರು ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಬಹುದು, ಅಥವಾ ಮರದ ಕೆಳಗೆ ಪೇಪರ್ ಓದಬಹುದು. 'ನಾನು ಇಲ್ಲೇ ಕೂರ್ತೀನಿ' ಎಂದರೆ ಸಾಕು, ಕಾರಣ ಕೊಡಬೇಕಿಲ್ಲ. ಸುಳ್ಳು ಕಾರಣವಂತೂ ಕೂಡದು. ಅಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಸೇರುವುದೆಂದು ಮೊದಲೇ ಹೇಳಿಕೊಳ್ಳಬೇಕು. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಗುರುತು ಹಾಕಿದ ಜಾಗ ಬಿಟ್ಟು ಈಜುವಂತಿಲ್ಲ. ಇದು ಲಲಿತಮ್ಮನವರು ಒಪ್ಪಬೇಕಾದ ಷರತ್ತು. ಸೆಲ್ಯುಲರ್ ಜೈಲು ನಾಗರಾಜಯ್ಯನವರ ಪಾಲು. 1906ರಲ್ಲಿ ಮುಗಿದ ಆ ಕಟ್ಟಡದ ಏಳು ಸಾಲುಗಳಲ್ಲಿ ಮೂರು ಉಳಿದಿವೆ. ನಡುವಿನ ಗೋಪುರದಿಂದ ಒಬ್ಬನೇ ಕಾವಲುಗಾರ ಏಳೂ ಕಡೆ ಹೇಗೆ ಕಣ್ಣಿಡುತ್ತಿದ್ದ ಎಂದು ನೋಡಲು ಅವರಿಗೆ ಅರ್ಧ ದಿನ ಬೇಕಂತೆ. ಕೊಟ್ಟೆವು.

ಮಗಳ ಜೊತೆಗೂ ಒಮ್ಮೆ ವಿಡಿಯೊ ಕರೆಯಲ್ಲಿ ಮಾತಾಡಿದೆ. ತಾನು ಇಷ್ಟಪಟ್ಟು ಆರಿಸಿದ್ದನ್ನೆಲ್ಲ ಕೆಡಿಸಿದರೆಂದು ಅವಳಿಗೆ ಬೇಸರವಿತ್ತು. ದೂರದ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ದುಡ್ಡು ಕಳಿಸಿ, ದಿನಚರಿ ಕಳಿಸಬೇಡಿ. ಅವಳು ಒಪ್ಪಿದಂತೆ ಕಾಣಲಿಲ್ಲ.

ಫೆಬ್ರುವರಿಯಲ್ಲಿ ಹೋದರು. ಮೂರನೇ ದಿನ ರಾತ್ರಿ ನಾಗರಾಜಯ್ಯನವರಿಂದ ಹ್ಯಾವ್ಲಾಕ್‌ನ ಸಂದೇಶ ಬಂತು. "ಮೇಡಂ, ಇಲ್ಲಿ ಐದೂವರೆಗೇ ಸೂರ್ಯ ಮುಳುಗಿದ. ಊಟವೂ ಆಯ್ತು. ಮೈಸೂರಲ್ಲಿ ಇನ್ನೂ ಬೆಳಕಿರುವಾಗ ಇಲ್ಲಿ ಯಾಕೆ ಕತ್ತಲು ಅಂತ ಬಾಯಿತಪ್ಪಿ ಕೇಳಿದೆ. ಇವಳು ಮರಳ ಮೇಲೆ ರೇಖಾಂಶ ಬರೆದು ಮುಕ್ಕಾಲು ಗಂಟೆಯಿಂದ ಪಾಠ ಮಾಡ್ತಿದ್ದಾಳೆ. ಟೆಸ್ಟ್ ಇದೆಯಂತೆ."