ಗಾಳಿಮಾತಲ್ಲ: ಟ್ಯೂಬಿಲ್ಲದ ಗಾಲಿಯ ಕಷ್ಟಸುಖ

ಪ್ರಶ್ನೆ: ಅಣ್ಣಾ, ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲ್ ಮೇಷ್ಟ್ರು. ತೂಕ 82 ಕೆಜಿ. ವಾರಕ್ಕೆ ನಾಲ್ಕು ದಿನ ಸೈಕಲ್ ತುಳಿಯುತ್ತೇನೆ, ಭಾನುವಾರ ನಂದಿ ಬೆಟ್ಟ. ಜಾಲಿ ಮುಳ್ಳಿಗೆ ತಿಂಗಳಿಗೆ ಮೂರು ಪಂಚರ್ ಗ್ಯಾರಂಟಿ. ಟ್ಯೂಬ್‌ಲೆಸ್ ಗಾಲಿ ಹಾಕಿಸಿದರೆ ಈ ಕಾಟ ತಪ್ಪುತ್ತದಾ? ಎಂಥ ರಿಮ್ ತಗೊಳ್ಳಲಿ?

ಉತ್ತರ: ಮೇಷ್ಟ್ರೇ, ಮುಳ್ಳಿನ ಕಾಟ ಮುಕ್ಕಾಲು ಪಾಲು ತಪ್ಪುತ್ತದೆ. ಬದಲಿಗೆ ಸೀಲೆಂಟ್ ನೋಡಿಕೊಳ್ಳುವ ಕೆಲಸ ಹೆಗಲಿಗೆ ಬೀಳುತ್ತದೆ. ವಾರಕ್ಕೆ ನಾಲ್ಕು ದಿನ ತುಳಿಯುವವರಿಗೆ ಇದು ಲಾಭವೇ. ಭಾನುವಾರ ಮಾತ್ರ ಹೊರಡುವವರಾಗಿದ್ದರೆ ಟ್ಯೂಬೇ ಸಾಕು ಅಂತಿದ್ದೆ.

ಸೀಲೆಂಟ್ ಅಂದರೆ ಹಾಲಿನಂಥ ದ್ರವ, ಅದರಲ್ಲಿ ರಬ್ಬರಿನ ಸಣ್ಣ ಕಣಗಳಿರುತ್ತವೆ. ಮುಳ್ಳು ಚುಚ್ಚಿದ ತೂತಿನಿಂದ ಗಾಳಿ ನುಗ್ಗುವಾಗ ಇದೂ ಜೊತೆಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಜಾಲಿ ಮುಳ್ಳಿನ ತೂತು ಎಷ್ಟೋ ಸಲ ನಿಮಗೆ ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಟೈರು ಒರೆಸುವಾಗ ಒಂದು ಒದ್ದೆ ಚುಕ್ಕೆ ಕಾಣುತ್ತದೆ, ಅಷ್ಟೇ. ಗಾಜಿನ ಚೂರು ಟೈರನ್ನೇ ಸೀಳಿದರೆ ಮಾತ್ರ ಅದರ ಕೈಲಿ ಆಗುವುದಿಲ್ಲ. ಅದಕ್ಕೆ ರಬ್ಬರಿನ ಅಂಟು ಬತ್ತಿ ಇರುತ್ತದೆ, ಸೂಜಿಯಿಂದ ತೂತಿಗೆ ತುರುಕಬೇಕು.

ಈಗ ರಿಮ್. ಅದರ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಒಳಕ್ಕೆ ಕೊಕ್ಕೆಯಂತೆ ಬಾಗಿದ್ದರೆ ಹುಕ್ಡ್, ಗೋಡೆಯಂತೆ ನೆಟ್ಟಗಿದ್ದರೆ ಹುಕ್‌ಲೆಸ್. ಹುಕ್‌ಲೆಸ್‌ನಲ್ಲಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಿ ಗಾಳಿ ಹೊಡೆಯುವ ಹಾಗಿಲ್ಲ. ರಿಮ್ ಕಂಪನಿ ಒಪ್ಪಿದ ಟೈರೇ ಹಾಕಬೇಕು. 'ಇನ್ನೊಂದ್ ಸ್ವಲ್ಪ ಹೊಡಿ' ಅನ್ನುವವರೇ ಜಾಸ್ತಿ ಇರುವ ನಮ್ಮ ಕಡೆಗೆ ಹುಕ್ಡ್ ರಿಮ್ಮೇ ವಾಸಿ. ಅಲ್ಯೂಮಿನಿಯಂ ಇರಲಿ, ಒಳಅಗಲ 21 ಮಿ.ಮೀ., ಕಡ್ಡಿ (ಸ್ಪೋಕ್) ಒಟ್ಟು 28. ಕಡ್ಡಿ ಕಮ್ಮಿ ಇರುವ ಗಾಲಿ ನೋಡಲು ಚೆಂದ. ಒಂದು ಕಡ್ಡಿ ಮುರಿದ ದಿನ ಗಾಲಿ ಓಲಾಡಿಕೊಂಡು ಫ್ರೇಮಿಗೆ ಉಜ್ಜುವಾಗ ಅದರ ಅಂದ ಗೊತ್ತಾಗುತ್ತದೆ.

ಟೈರು 32 ಮಿ.ಮೀ. ಅಗಲದ್ದು ಹಾಕಿಸಿ. ಫೋರ್ಕಿನೊಳಗೆ, ಬ್ರೇಕಿನ ಕೆಳಗೆ ಅದು ತೂರುತ್ತದಾ ಅಂತ ಮೊದಲೇ ಅಳೆಯಿರಿ. ನಿಮ್ಮ ತೂಕಕ್ಕೆ ಮುಂದೆ 55, ಹಿಂದೆ 60 ಪಿಎಸ್‌ಐಯಿಂದ ಶುರು ಮಾಡಿ, ಆಮೇಲೆ ಎರಡೆರಡು ಹೆಚ್ಚುಕಮ್ಮಿ ಮಾಡಿ ನೋಡಿ. ಸೀಲೆಂಟ್ ಒಂದೊಂದು ಟೈರಿಗೆ 50ರಿಂದ 60 ಮಿ.ಲೀ.

ಅದು ಒಣಗುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಒಮ್ಮೆ ನಾನೇ ಮರೆತೆ. ಫೆಬ್ರವರಿಯಲ್ಲಿ ತುಂಬಿಸಿದ್ದು, ಜೂನ್ ಬಂದರೂ ವಾಲ್ ಬಿಚ್ಚಿ ನೋಡಿರಲಿಲ್ಲ. ಊರಿಗೆಲ್ಲ ಗಾಳಿ ಹೊಡೆಯುವವನ ಸ್ವಂತ ಗಾಲಿ! ನಂದಿಯಿಂದ ಇಳಿದು ಮುದ್ದೇನಹಳ್ಳಿ ಕಡೆ ತಿರುಗಿದ್ದೆ, ಹಿಂದಿನ ಟೈರು ಕೂತುಬಿಟ್ಟಿತು. ಬಿಚ್ಚಿದರೆ ಒಳಗೆ ಒಂದು ಹನಿ ಇಲ್ಲ. ಕಾಯಿಸಿಟ್ಟ ಹಾಲಿನ ಕೆನೆ ಥರ ಒಣ ಪದರ, ಎಳೆದರೆ ಸಿಪ್ಪೆಯಂತೆ ಕಿತ್ತು ಬಂತು. ಜೇಬಲ್ಲಿದ್ದ ಸ್ಪೇರ್ ಟ್ಯೂಬ್ ಹಾಕಿದೆ. ನೂರು ಮೀಟರ್ ಹೋಗಿಲ್ಲ, ಅದೂ ಠುಸ್. ತಿಂಗಳುಗಟ್ಟಲೆ ಸೀಲೆಂಟ್ ಮುಚ್ಚಿಕೊಂಡಿದ್ದ ಹಳೇ ಮುಳ್ಳುಗಳೆಲ್ಲ ಟೈರಿನಲ್ಲೇ ಮೊನೆ ಚಾಚಿಕೊಂಡು ಕೂತಿದ್ದವು. ದ್ರಾಕ್ಷಿ ತೋಟದ ಬೇಲಿ ಪಕ್ಕ ಕೂತು ಎಣಿಸಿದೆ, ಏಳು. ಬೆರಳಿಗೆ ಎಲ್ಲವೂ ಸಿಗುವುದಿಲ್ಲ ಮೇಷ್ಟ್ರೇ. ಹಳೇ ಬನಿಯನ್ ಚೂರನ್ನು ಟೈರಿನೊಳಗೆ ಮೆಲ್ಲಗೆ ಒಂದು ಸುತ್ತು ಎಳೆಯಬೇಕು. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು.

ಈಗ ಎರಡು ತಿಂಗಳಿಗೊಮ್ಮೆ ನೋಡುತ್ತೇನೆ. ವಾಲ್ ಕೆಳಭಾಗದ ಹತ್ತಿರ ಬರುವ ಹಾಗೆ ಗಾಲಿ ತಿರುಗಿಸಿ, ಗಾಳಿ ಬಿಟ್ಟು, ವಾಲ್ ಒಳಗಿನ ಪಿನ್ (ಕೋರ್) ಬಿಚ್ಚಿ ಒಂದು ಜಿಪ್ ಟೈ, ಅಂದರೆ ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಇಳಿಸಿ. ತುದಿ ಒದ್ದೆಯಾದರೆ ಸರಿ. ಒಣಗಿದ್ದರೆ ಅದೇ ತೂತಿನಿಂದ ತುಂಬಿಸಿ.

ಪ್ರಶ್ನೆ: ಹೊಸ ಟ್ಯೂಬ್‌ಲೆಸ್ ಟೈರು ರಾತ್ರಿ ಗಾಳಿ ಹೊಡೆದಿಟ್ಟರೆ ಬೆಳಿಗ್ಗೆಗೆ ಮೆತ್ತಗಾಗಿರುತ್ತದೆ. ಅಂಗಡಿಯವರು 'ಸೆಟ್ ಆಗುತ್ತೆ ಬಿಡಮ್ಮ' ಅಂತಾರೆ. ವಾರವಾಯಿತು. – ಕಾಲೇಜು ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಮೊದಲ ಒಂದೆರಡು ದಿನ ಆ ಮಾತು ಸರಿ. ವಾರವಾಯಿತು ಅಂದರೆ ಬೇರೆ ಏನೋ ಇದೆಯಮ್ಮ. ಸೋಪು ನೀರಿನ ನೊರೆ ಹಚ್ಚಿ ನೋಡು. ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದರೆ ಗಾಲಿ ಕುಲುಕಿ, ಬಕೆಟ್ ಮೇಲೆ ಅಡ್ಡ ಮಲಗಿಸು. ಒಂದೊಂದು ಮಗ್ಗುಲೂ ಅರ್ಧ ಗಂಟೆ. ಆಮೇಲೆ ಒಂದು ರೌಂಡ್ ಹೋಗಿ ಬಾ. ವಾಲ್ ಬುಡದಲ್ಲಾಗಲಿ ಕಡ್ಡಿಯ ನಿಪ್ಪಲ್ ಹತ್ತಿರವಾಗಲಿ ಎದ್ದರೆ ರಿಮ್ಮಿನೊಳಗೆ ಕಡ್ಡಿ ತೂತು ಮುಚ್ಚುವ ರಿಮ್ ಟೇಪು ಕೈಕೊಟ್ಟಿದೆ ಅಂತ ಅರ್ಥ. ಟೈರು ಬಿಚ್ಚಿಸಿ ಟೇಪು ಹೊಸದಾಗಿ ಸುತ್ತಿಸು, ಸುಮ್ನೆ ಸೀಲೆಂಟ್ ಸುರಿಯುತ್ತಾ ಹೋಗಬೇಡ. ವಾಲ್ ನಟ್ಟನ್ನು ಕೈಯಲ್ಲೇ ಬಿಗಿ ಮಾಡು, ಇಕ್ಕಳ ಬೇಡ. ದಾರಿಯಲ್ಲಿ ಕೈಕೊಟ್ಟ ದಿನ ನಿನ್ನ ಕೈಯಲ್ಲಿ ಇಕ್ಕಳ ಇರಲ್ಲ.

ಪ್ರಶ್ನೆ: ತಾತನ ಕಾಲದ ಕರೀ ಸೈಕಲ್ಲಿಗೆ ಟ್ಯೂಬ್‌ಲೆಸ್ ಹಾಕಬಹುದಾ? – ಬಾಗೇಪಲ್ಲಿಯ ಓದುಗರು

ಉತ್ತರ: ಬೇಡ ಸ್ವಾಮಿ. ಆ ರಿಮ್ಮನ್ನು ಮಾಡಿರುವುದೇ ಟ್ಯೂಬಿಗಾಗಿ, ಟೈರು ಅಲ್ಲಿ ಗಾಳಿ ಹಿಡಿದು ಕೂರುವುದಿಲ್ಲ. ವಾಲ್ ಟ್ಯೂಬ್, ಅಂದರೆ ವಾಲ್ ಮೇಲೆ ಏರಿಸುವ ಸಣ್ಣ ರಬ್ಬರ್ ಕೊಳವೆ, ಹೊಸದು ಹಾಕಿಸಿ. ಗಾಳಿ ಇಳಿಯುವ ಅರ್ಧ ರೋಗ ಅದರಲ್ಲೇ ಇರುತ್ತದೆ.