ಹೂಮಳೆ ಅರೆಬರೆಯಾದರೆ ಕಾಯಬೇಡಿ

ಫೆಬ್ರವರಿ ಕಳೆಯುತ್ತಿದ್ದಂತೆ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಂದ ಹೂಮಳೆಯ, ಎಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆಯ ಬಗ್ಗೆ ಒಂದೇ ಪ್ರಶ್ನೆ ಪ್ರತಿವರ್ಷವೂ ಬರುತ್ತದೆ, ಅದೂ ಹೆಚ್ಚಿನ ಸಲ ಮೊಗ್ಗು ಕರಟಿದ ಮೇಲೆ. ಆದ್ದರಿಂದ ಈ ಬಾರಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ರೊಬಸ್ಟಾ ಕಾಫಿ ತೋಟಕ್ಕೆ 30 ಸೆಂಟ್ ಮಳೆಯಾಗಿದೆ. ವಾರದೊಳಗೆ ಇನ್ನೊಂದು ಮಳೆ ಬರುವ ಲಕ್ಷಣವಿದೆ. ಸ್ಪ್ರಿಂಕ್ಲರ್ ಪಂಪಿನ ಡೀಸೆಲ್ ಖರ್ಚು ಉಳಿಸಲು ಕಾಯಬಹುದೇ?

ಉತ್ತರ: ಕಾಯಬಾರದು. ಚಳಿಗಾಲದ ಒಣಹವೆಯಲ್ಲಿ ಬಲಿತು ಸುಪ್ತಾವಸ್ಥೆಯಲ್ಲಿರುವ ಮೊಗ್ಗು ನೀರು ಸಿಕ್ಕೊಡನೆ ಮತ್ತೆ ಬೆಳೆಯತೊಡಗಿ, ಸುಮಾರು 7ರಿಂದ 10 ದಿನಗಳಲ್ಲಿ ಅರಳುತ್ತದೆ; ಹಾಗೆ ಒಮ್ಮೆ ಎಚ್ಚೆತ್ತ ಮೊಗ್ಗು ಮತ್ತೆ ಸುಪ್ತಾವಸ್ಥೆಗೆ ಮರಳುವುದಿಲ್ಲ. ಮಳೆಯ ಲೆಕ್ಕದಲ್ಲಿ ಒಂದು ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ; 30 ಸೆಂಟ್ ಎಂದರೆ 8 ಮಿಲಿಮೀಟರಿಗೂ ಕಡಿಮೆ. ಅಷ್ಟು ಮಳೆ ತರಗೆಲೆಯನ್ನು ತೋಯಿಸಿ ಮೊಗ್ಗನ್ನು ಎಬ್ಬಿಸೀತೇ ಹೊರತು, ಅದನ್ನು ಪೂರ್ತಿ ಅರಳಿಸಲು ಬೇಕಾದ ತೇವವನ್ನು ಬೇರಿಗೆ ಮುಟ್ಟಿಸುವುದಿಲ್ಲ. ಆಗ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಒಣಗುತ್ತದೆ, ಇಲ್ಲವೇ ಕಾಯಿ ಕಚ್ಚದ ಚಿಕ್ಕ ನಕ್ಷತ್ರದಂಥ ಹೂವಾಗುತ್ತದೆ. ನೀವು ಕಾಯುತ್ತಿರುವ ಮಳೆ ಹತ್ತನೆಯ ದಿನ ಧಾರಾಳವಾಗಿ ಸುರಿದರೂ ಕರಟಿದ ಮೊಗ್ಗಿಗೆ ಅದರಿಂದ ಪ್ರಯೋಜನವಿಲ್ಲ.

ಒಂದೆರಡು ದಿನಗಳೊಳಗೆ ಸ್ಪ್ರಿಂಕ್ಲರ್ ಹಾಕಿ, ಕನಿಷ್ಠ ಒಂದು ಇಂಚು, ಸಾಧ್ಯವಿದ್ದರೆ ಒಂದೂವರೆ ಇಂಚು ನೀರು ಕೊಡಿ. ಬಿದ್ದ 30 ಸೆಂಟನ್ನು ಇದರಲ್ಲಿ ಕಳೆಯಬೇಡಿ. ಈ ಬಿಸಿಲಿಗೆ ಅದರ ಬಹುಪಾಲು ಆರಿಹೋಗಿರುತ್ತದೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1 ಲಕ್ಷ ಲೀಟರ್. ಕೆರೆಯಲ್ಲಿ 5 ಲಕ್ಷ ಲೀಟರ್ ಮಾತ್ರ ಇದ್ದರೆ, ಅದನ್ನು 10 ಎಕರೆಗೆ ತೆಳುವಾಗಿ ಹಂಚಿ ಇಡೀ ತೋಟವನ್ನು ಅರೆಹೊಟ್ಟೆಯಲ್ಲಿಡುವ ಬದಲು, ಚೆನ್ನಾಗಿ ಮೊಗ್ಗು ಹಿಡಿದಿರುವ 5 ಎಕರೆಯನ್ನು ಆರಿಸಿ ಪೂರ್ತಿ ನೀರು ಕೊಡಿ. ಉಳಿದದ್ದನ್ನು ಬಿಡುವುದು ಕಷ್ಟವೆಂದು ಬಲ್ಲೆ, ಆದರೂ ನನ್ನ ಸಲಹೆ ಇದೇ.

ಹೂ ಅರಳಿದ 15ರಿಂದ 20 ದಿನಗಳ ಬಳಿಕ ಬ್ಯಾಕಿಂಗ್ ನೀರು, ಎಂದರೆ ಕಚ್ಚಿದ ಕಾಯಿ ಉಳಿಯಲೆಂದು ಕೊಡುವ ಎರಡನೆಯ ನೀರು ಬೇಕು. ಅಷ್ಟರಲ್ಲಿ ಬೇಸಿಗೆ ಮಳೆಯ ಸಂಭವ ಹೆಚ್ಚಿರುತ್ತದೆಯಾದ್ದರಿಂದ, ಆಕಾಶವನ್ನು ನಂಬಲೇಬೇಕಾದರೆ ಇಲ್ಲಿ ನಂಬಿ, ಹೂವಿನ ನೀರಿನ ವಿಷಯದಲ್ಲಿ ಬೇಡ. ಹೂ ಅರಳಿದ ದಿನ ಸ್ಪ್ರಿಂಕ್ಲರ್ ಮುಟ್ಟಬೇಡಿ, ಕೀಟನಾಶಕ ಸಿಂಪಡಿಸಬೇಡಿ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ತೊಯ್ದ ಪರಾಗ ಹಾರುವುದಿಲ್ಲ, ಸತ್ತ ಜೇನು ಮರಳಿ ಬರುವುದಿಲ್ಲ.

ಪ್ರಶ್ನೆ: ಮಳೆಯ ಕೊರತೆಯನ್ನು ತುಂಬಿಕೊಡುವ ಹಾರ್ಮೋನ್ ದ್ರಾವಣವನ್ನು ಒಬ್ಬರು ಮಾರುತ್ತಿದ್ದಾರೆ. ಬಳಸಬಹುದೇ?

ಉತ್ತರ: ನೀರಿಗೆ ಬದಲಿಯಾಗಿ ಬಾಟಲಿ ಮಾರುವವರನ್ನು ತೋಟದ ಗೇಟಿನಿಂದಲೇ ಹಿಂದಕ್ಕೆ ಕಳಿಸಿ. ಅಷ್ಟೇ ಹಣಕ್ಕೆ ಪಂಪಿನ ಡೀಸೆಲ್ ಬರುತ್ತದೆ.

ಪ್ರಶ್ನೆ: ನಮ್ಮದು ಅರೇಬಿಕಾ ಕಾಫಿ. ಹೂ ಅರಳಿದ ಬೆಳಿಗ್ಗೆಯೇ ಮಳೆ ಸುರಿಯಿತು. ಫಸಲು ಹೋಯಿತೇ?

ಉತ್ತರ: ಅರೇಬಿಕಾ ಸ್ವಕೀಯ ಪರಾಗಸ್ಪರ್ಶದ ಗಿಡ, ರೊಬಸ್ಟಾದಷ್ಟು ನಷ್ಟವಾಗುವುದಿಲ್ಲ.

ಪ್ರಶ್ನೆ: ಪಕ್ಕದ ಊರಿನಲ್ಲಿ ಒಂದು ಇಂಚು ಬಿದ್ದಿದೆಯಂತೆ. ನಮ್ಮಲ್ಲೂ ಅಷ್ಟೇ ಎಂದುಕೊಳ್ಳಬಹುದೇ?

ಉತ್ತರ: ಬೇಸಿಗೆಯ ಗುಡುಗು ಮಳೆ ಒಂದು ಗುಡ್ಡಕ್ಕೆ ಸುರಿದು ಇನ್ನೊಂದನ್ನು ಬಿಡುತ್ತದೆ. ಸ್ವಂತ ಮಳೆಮಾಪಕ ಇಡಿ.

ಪ್ರಶ್ನೆ: ಅರೇಬಿಕಾಕ್ಕೆ ಬಿಸಿಲು ಬೀಳಲೆಂದು ನೆರಳು ಮರಗಳ ಕೊಂಬೆಗಳನ್ನು ಈಗಲೇ ಕಡಿಯಬಹುದೇ?

ಉತ್ತರ: ದಯವಿಟ್ಟು ಬೇಡ. ಏಪ್ರಿಲ್–ಮೇ ಬಿಳಿ ಕಾಂಡಕೊರಕದ ದುಂಬಿಗಳು ಹಾರಾಡುವ ಕಾಲ. ಬಿಸಿಲಿಗೆ ತೆರೆದುಕೊಂಡ ಕಾಂಡದ ತೊಗಟೆಯ ಬಿರುಕುಗಳಲ್ಲೇ ಅವು ಮೊಟ್ಟೆಯಿಡುತ್ತವೆ, ಮರಿಹುಳು ಒಳಹೊಕ್ಕ ಗಿಡವನ್ನು ಕಿತ್ತು ಸುಡುವುದೊಂದೇ ಉಳಿಯುತ್ತದೆ.